ಕೊಯ್ಲಾದ ಸಕ್ಕರೆ ಬೀಟ್ ಹೊಲದಲ್ಲಿ ಕುರಿ ಮೇಯಿಸುವಿಕೆ

ಸಕ್ಕರೆ ಬೀಟ್ ಗಡ್ಡೆಯನ್ನು ಕಿತ್ತು ಕಾರ್ಖಾನೆಗೆ ಸಾಗಿಸಿದ ಮೇಲೆ ಹೊಲದಲ್ಲಿ ಉಳಿಯುವ ಎಲೆ, ದಂಟು ಮತ್ತು ಗಡ್ಡೆಯ ನೆತ್ತಿಯ ಚೂರುಗಳನ್ನು ಕುರಿಗಳಿಗೆ ಮೇಯಿಸುವ ಪದ್ಧತಿ. ಯುರೋಪಿನ ಬೀಟ್ ಸೀಮೆಗಳಲ್ಲೂ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲೂ ಇದು ಬಳಕೆಯಲ್ಲಿದೆ. ಇಂಗ್ಲೆಂಡಿನ ಪೂರ್ವಭಾಗದ ನಾರ್ಫೋಕ್, ಸಫೋಕ್, ಲಿಂಕನ್‌ಷೈರ್ ಪ್ರಾಂತಗಳಲ್ಲಿ ಇಪ್ಪತ್ತನೆಯ ಶತಮಾನದ ಬಹುಕಾಲ ಇದು ಚಳಿಗಾಲದ ಕುರಿ ಸಾಕಣೆಗೆ ದೊಡ್ಡ ಆಸರೆಯಾಗಿತ್ತು. ಈ ಸೊಪ್ಪು ಪುಷ್ಟಿಕರ ಮೇವು. ಅದೇ ಸೊಪ್ಪು ಹಸಿದ ಕುರಿಯನ್ನು ಕೆಲವೇ ಗಂಟೆಗಳಲ್ಲಿ ನೆಲಕ್ಕೆ ಕೆಡವಲೂಬಲ್ಲದು. ಯಾವ ಕುರಿಯನ್ನು, ಯಾವ ಹೊತ್ತಿನಲ್ಲಿ, ಎಷ್ಟು ಹೊಟ್ಟೆ ತುಂಬಿಸಿ ಹೊಲಕ್ಕೆ ಬಿಟ್ಟರು ಎಂಬುದರ ಮೇಲೆ ಫಲ ನಿಂತಿದೆ.

ಇತಿಹಾಸ

ಬೀಟ್ ಗಡ್ಡೆಯಲ್ಲಿರುವುದು ಕಬ್ಬಿನ ಸಕ್ಕರೆಯೇ ಎಂದು 1747ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್ರಾಫ್ ತೋರಿಸಿಕೊಟ್ಟ. ಅವನ ಶಿಷ್ಯ ಫ್ರಾನ್ಸ್ ಕಾರ್ಲ್ ಆಖಾರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸೈಲೀಷಿಯಾದ ಕುನೆರ್ನ್‌ನಲ್ಲಿ ಮೊದಲ ಬೀಟ್ ಸಕ್ಕರೆ ಕಾರ್ಖಾನೆ ತೆರೆದ. ಕಬ್ಬಿನ ಸಕ್ಕರೆಯ ಹಡಗುಗಳು ಬರದಂತಾದಾಗ ನೆಪೋಲಿಯನ್ 1811ರಲ್ಲಿ ಬೀಟ್ ಬೆಳೆಯಲು ಆಜ್ಞೆ ಹೊರಡಿಸಿದ. ಇಂಗ್ಲೆಂಡ್ ಈ ಬೆಳೆಗೆ ತಡವಾಗಿ ಕೈಹಾಕಿತು. ನಾರ್ಫೋಕಿನ ಕ್ಯಾಂಟ್ಲಿಯಲ್ಲಿ 1912ರಲ್ಲಿ ಕಾರ್ಖಾನೆ ಬಂತು. 1925ರಲ್ಲಿ ಸರ್ಕಾರ ಸಹಾಯಧನದ ಕಾಯಿದೆ ತಂದ ಮೇಲೆ ಬೆಳೆ ವೇಗವಾಗಿ ಹಬ್ಬಿತು.

ಕುರಿ ಈ ಕಥೆಯೊಳಗೆ ಬಂದದ್ದು ಟರ್ನಿಪ್ ಗಡ್ಡೆಯ ದಾರಿಯಿಂದ. ಬೀಟ್ ಬರುವುದಕ್ಕೆ ಬಹಳ ಹಿಂದಿನಿಂದ ನಾರ್ಫೋಕಿನ ಮರಳು ಮಿಶ್ರಿತ ಹಗುರ ನೆಲದಲ್ಲಿ ಟರ್ನಿಪ್, ಬಾರ್ಲಿ, ಕ್ಲೋವರ್, ಗೋಧಿ ಎಂಬ ನಾಲ್ಕು ವರ್ಷದ ಬೆಳೆ ಸರದಿ ನಡೆಯುತ್ತಿತ್ತು. ಟರ್ನಿಪ್ಪನ್ನು ಹೊಲದಲ್ಲೇ ಕುರಿಗಳಿಗೆ ಮೇಯಿಸಿ, ಅವುಗಳ ಹಿಕ್ಕೆ ಮತ್ತು ಗಂಜಲದಿಂದ ಮುಂದಿನ ಬಾರ್ಲಿಗೆ ಗೊಬ್ಬರ ಒದಗಿಸುತ್ತಿದ್ದರು. ಸಾರವಿಲ್ಲದ ಆ ನೆಲ ಕುರಿಯ ತುಳಿತದಿಂದಲೇ ಬದುಕುತ್ತದೆ ಎಂಬುದು ಅಲ್ಲಿನ ರೈತರ ನಂಬಿಕೆ. ಆದರೆ ಟರ್ನಿಪ್ಪಿನಿಂದ ನೇರವಾಗಿ ಕೈಗೆ ಕಾಸು ಬರುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ ಸಕ್ಕರೆ ಬೀಟ್ ಎರಡೂ ಕೆಲಸ ಮಾಡಿತು: ಗಡ್ಡೆ ಕಾರ್ಖಾನೆಗೆ ಹೋಗಿ ರೊಕ್ಕ ತಂದಿತು, ಸೊಪ್ಪು ಹೊಲದಲ್ಲೇ ಉಳಿದು ಕುರಿಯನ್ನು ಸಾಕಿತು. ನಗದು ಬೆಳೆಯೊಂದು ಹಳೆಯ ಕುರಿ ಬೇಸಾಯವನ್ನು ಅಳಿಸದೆ ಅದಕ್ಕೇ ಮೇವು ಕೊಟ್ಟದ್ದು ಕೃಷಿಯ ಚರಿತ್ರೆಯಲ್ಲಿ ಅಪರೂಪದ ಸಂಗತಿ.

ಆಗಿನ ಕೊಯ್ಲು ಕೈಗೆಲಸ. ಕುದುರೆ ಎಳೆಯುವ ನೇಗಿಲು ಗಡ್ಡೆಯನ್ನು ಸಡಿಲಿಸುತ್ತಿತ್ತು. ಕೂಲಿಯಾಳು ಎರಡು ಗಡ್ಡೆಗಳನ್ನು ಸೊಪ್ಪು ಹಿಡಿದು ಕಿತ್ತು, ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ ಸಾಲಾಗಿ ಇಡುತ್ತಿದ್ದ. ಆಮೇಲೆ ತುದಿಯಲ್ಲಿ ಕೊಕ್ಕೆ ಇದ್ದ ಕತ್ತಿಯಿಂದ ಗಡ್ಡೆಯನ್ನು ಎತ್ತಿಕೊಂಡು ಎಲೆಯನ್ನೂ ನೆತ್ತಿಯನ್ನೂ ಒಂದೇ ಏಟಿಗೆ ಕತ್ತರಿಸುತ್ತಿದ್ದರು. ಗಡ್ಡೆ ಒಂದು ಕಡೆ ಗುಡ್ಡೆಯಾಗುತ್ತಿತ್ತು, ಸೊಪ್ಪು ಇನ್ನೊಂದು ಕಡೆ ಸಾಲುಗಟ್ಟಿ ಬಿದ್ದು ಬಾಡುತ್ತಿತ್ತು. ಈ ಸಾಲುಗಳಿಗೆ ಮಣ್ಣು ಹೆಚ್ಚು ಹತ್ತುತ್ತಿರಲಿಲ್ಲ. ಕುರಿಗೆ ಎಂಥ ಸೊಪ್ಪು ಸಿಗುತ್ತದೆ ಎಂಬುದು ಕೊಯ್ಲಿನ ಕ್ರಮದಿಂದಲೇ ತೀರ್ಮಾನವಾಗುತ್ತದೆ.

ಮೇವಿನ ಗುಣ

ಹಸಿ ಸೊಪ್ಪಿನಲ್ಲಿ ನೀರೇ ಹೆಚ್ಚು. ಒಣ ಅಂಶ ನೂರಕ್ಕೆ 12ರಿಂದ 16ರಷ್ಟು, ಆ ಒಣ ಅಂಶದಲ್ಲಿ ಪ್ರೋಟೀನು ಸರಿಸುಮಾರು ಅಷ್ಟೇ ಪಾಲು. ಸಾಧಾರಣ ಒಣಹುಲ್ಲಿಗಿಂತ ಇದು ಎಷ್ಟೋ ಮೇಲು. ಗಡ್ಡೆಯ ನೆತ್ತಿಯಲ್ಲಿ ಸಕ್ಕರೆ ಇರುವುದರಿಂದ ಕುರಿಗಳು ಅದನ್ನೇ ಮೊದಲು ಹುಡುಕಿ ತಿನ್ನುತ್ತವೆ. ಬೀಟ್ ಗಿಡದ ಮೂಲ ಯುರೋಪಿನ ಕಡಲಂಚಿನ ಕಾಡುಬೀಟ್. ಆ ಹುಟ್ಟುಗುಣದಿಂದ ಅದು ಮಣ್ಣಿನ ಉಪ್ಪನ್ನು ಧಾರಾಳವಾಗಿ ಹೀರಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ ಈ ಬೆಳೆಗೆ ಉಪ್ಪನ್ನೇ ಗೊಬ್ಬರವಾಗಿ ಹಾಕುವ ರೂಢಿಯೂ ಇದೆ. ಹೀಗಾಗಿ ಸೊಪ್ಪಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಹೆಚ್ಚು. ಅದನ್ನು ತಿಂದ ಕುರಿಗೆ ಮೊದಮೊದಲು ಹಿಕ್ಕೆ ತೆಳ್ಳಗಾಗಲು ಇದೇ ಒಂದು ಕಾರಣ.

ಹಾಲು ಕೊಡುವ ಹಸುಗಳಿಗಿಂತ ಕುರಿಗಳಿಗೇ ಈ ಸೊಪ್ಪು ಒಗ್ಗುತ್ತದೆ. ಬೀಟ್‌ನಲ್ಲಿರುವ ಬೀಟೇನ್ ಎಂಬ ಪದಾರ್ಥವನ್ನು ಹೊಟ್ಟೆಯ ಸೂಕ್ಷ್ಮಜೀವಿಗಳು ಒಡೆದಾಗ ಟ್ರೈಮೀಥೈಲ್‌ಅಮೀನ್ ಹುಟ್ಟಿ ಹಾಲಿಗೆ ಮೀನಿನ ವಾಸನೆ ಬರುತ್ತದೆ. ಮಾಂಸಕ್ಕಾಗಿ ಸಾಕುವ ಕುರಿಮರಿಗಳಲ್ಲಿ ಈ ತೊಂದರೆ ಇಲ್ಲ.

ಆಕ್ಸಲೇಟ್ ವಿಷಬಾಧೆ

ಬೀಟ್ ಎಲೆಯಲ್ಲಿ ಆಕ್ಸಾಲಿಕ್ ಆಮ್ಲದ ಲವಣಗಳು ಹೇರಳವಾಗಿವೆ. ಎಲೆಯ ಹಾಳೆಯಲ್ಲಿ ಹೆಚ್ಚು, ದಂಟಿನಲ್ಲಿ ಕಡಿಮೆ. ಇವು ನೀರಿನಲ್ಲಿ ಕರಗಿದ ರೂಪದಲ್ಲಿ ರಕ್ತ ಸೇರಿದರೆ ಅಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿಕೊಳ್ಳುತ್ತವೆ. ರಕ್ತದ ಕ್ಯಾಲ್ಸಿಯಂ ತಟ್ಟನೆ ಕುಸಿಯುತ್ತದೆ, ಸ್ನಾಯುಗಳು ಅದುರುತ್ತವೆ, ಕುರಿ ತೂರಾಡಿ ಕುಸಿದು ಕೂರುತ್ತದೆ. ಬಾಯಲ್ಲಿ ನೊರೆ ಬರಬಹುದು. ತಿಂದ ಕೆಲವು ಗಂಟೆಗಳಲ್ಲೇ ಇದೆಲ್ಲ ಕಾಣಿಸಿಕೊಳ್ಳುತ್ತದೆ. ಆ ಹಂತವನ್ನು ದಾಟಿ ಉಳಿದ ಕುರಿಯ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು ಕಟ್ಟಿಕೊಂಡು ಕೆಲವು ದಿನಗಳ ಮೇಲೆ ಸಾವು ಬರುವುದುಂಟು. ಪಶುವೈದ್ಯರು ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಚುಚ್ಚುಮದ್ದು ಕೊಟ್ಟರೆ ಬಿದ್ದ ಕುರಿ ಏಳಬಹುದು. ಆದರೆ ಮೂತ್ರಪಿಂಡಕ್ಕೆ ಆದ ಪೆಟ್ಟು ಅದರಿಂದ ವಾಸಿಯಾಗದು.

ಹಾಗಾದರೆ ಲಕ್ಷಾಂತರ ಕುರಿಗಳು ಇದೇ ಸೊಪ್ಪು ತಿಂದು ಕೊಬ್ಬಿದ್ದು ಹೇಗೆ? ಉತ್ತರ ಕುರಿಯ ರೂಮೆನ್‌ನಲ್ಲಿ, ಅಂದರೆ ಮೇದದ್ದೆಲ್ಲ ಮೊದಲು ಹೋಗಿ ಹುದುಗುವ ದೊಡ್ಡ ಹೊಟ್ಟೆಯಲ್ಲಿ ಇದೆ. ಅಲ್ಲಿ ಆಕ್ಸಲೇಟನ್ನೇ ಆಹಾರ ಮಾಡಿಕೊಂಡು ಬದುಕುವ ಬ್ಯಾಕ್ಟೀರಿಯಾ ಇವೆ. ಅಮೆರಿಕದ ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಮಿಲ್ಟನ್ ಆಲಿಸನ್ ಮತ್ತು ಸಂಗಡಿಗರು ಕುರಿಯ ರೂಮೆನ್‌ನಿಂದ ಇಂಥದೊಂದನ್ನು ಬೇರ್ಪಡಿಸಿದರು. 1985ರಲ್ಲಿ ಅದಕ್ಕೆ ಆಕ್ಸಲೋಬ್ಯಾಕ್ಟರ್ ಫಾರ್ಮಿಜೆನೀಸ್ ಎಂಬ ಹೆಸರು ಬಂತು. ಆಕ್ಸಲೇಟನ್ನು ಅದು ಫಾರ್ಮೇಟ್ ಮತ್ತು ಇಂಗಾಲದ ಡೈಆಕ್ಸೈಡಾಗಿ ಒಡೆಯುತ್ತದೆ. ಹುಲ್ಲು ಮಾತ್ರ ಮೇಯುವ ಕುರಿಯಲ್ಲಿ ಈ ಜೀವಿಗಳು ತೀರ ಕಡಿಮೆ. ಆಕ್ಸಲೇಟ್ ಇರುವ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ಬಂದರೆ ಕೆಲವೇ ದಿನಗಳಲ್ಲಿ ಅವು ವೃದ್ಧಿಯಾಗಿ, ಮೊದಲ ದಿನ ಕೊಲ್ಲಬಹುದಾಗಿದ್ದ ಪ್ರಮಾಣವನ್ನೂ ಕುರಿ ಅರಗಿಸಿಕೊಳ್ಳುತ್ತದೆ. ನಡುವೆ ಕೆಲವು ದಿನ ಆ ಮೇವು ತಪ್ಪಿದರೆ ಈ ಶಕ್ತಿ ಬೇಗ ಇಳಿದುಹೋಗುತ್ತದೆ. ಹಿಮ ಬಿದ್ದು ಒಂದು ವಾರ ಕೊಟ್ಟಿಗೆಯಲ್ಲಿದ್ದ ಮಂದೆಯನ್ನು ಮತ್ತೆ ಹೊಲಕ್ಕೆ ಬಿಡುವಾಗ ಹೊಸ ಮಂದೆ ಎಂದೇ ಎಣಿಸಬೇಕು.

ಅಪಾಯ ತುಂಬಿರುವುದು ಮೊದಲ ಎರಡು ಮೂರು ದಿನಗಳಲ್ಲಿ. ಅದರಲ್ಲೂ ದೂರದ ಸಂತೆಯಿಂದ ಲಾರಿಯಲ್ಲಿ ಬಂದು ಹಸಿದಿರುವ ಮರಿಗಳಿಗೆ. ಖಾಲಿ ಹೊಟ್ಟೆಯಲ್ಲಿ ಆಕ್ಸಲೇಟಿಗೆ ಅಡ್ಡ ನಿಲ್ಲುವ ಬೇರೆ ಮೇವೂ ಇರುವುದಿಲ್ಲ, ಪಳಗಿದ ಜೀವಿಗಳೂ ಇರುವುದಿಲ್ಲ. ಸೊಪ್ಪಿನ ಹೊಲದಲ್ಲಿ ಸತ್ತ ಕುರಿ ಕಂಡಾಗ ಸೊಪ್ಪನ್ನು ದೂರುವ ಮೊದಲು ಹಿಂದಿನ ರಾತ್ರಿ ಆ ಕುರಿ ಏನು ತಿಂದಿತ್ತು ಎಂದು ಕೇಳಬೇಕು.

ಸೊಪ್ಪನ್ನು ಒಂದು ವಾರ, ಹತ್ತು ದಿನ ಬಾಡಿಸಿ ಮೇಯಿಸಬೇಕು ಎಂಬುದು ಹಳೆಯ ಇಂಗ್ಲಿಷ್ ಕುರಿಗಾಹಿಗಳ ನಿಯಮ. ಬಾಡಿದಾಗ ಆಕ್ಸಲೇಟ್ ಇಳಿಯುತ್ತದೆ ಎಂದು ಕೃಷಿ ಕೈಪಿಡಿಗಳು ಹೇಳುತ್ತಾ ಬಂದಿವೆ. ನೀರಿನಂಶ ತಗ್ಗಿ ಕುರಿ ಗಬಗಬ ತಿನ್ನುವುದು ನಿಲ್ಲುತ್ತದೆ ಎಂಬುದೂ ಇದರ ಲಾಭ. ಆದರೂ ಬಾಡಿಸಿದ್ದೇವೆಂದು ಉಳಿದ ಎಚ್ಚರಿಕೆ ಬಿಡುವಂತಿಲ್ಲ. ಇನ್ನೊಂದು ಉಪಾಯ ಸುಣ್ಣಕಲ್ಲಿನ ನುಣ್ಣನೆಯ ಪುಡಿ, ಇಲ್ಲವೆ ಡೈಕ್ಯಾಲ್ಸಿಯಂ ಫಾಸ್ಫೇಟನ್ನು ಹಿಂಡಿಯಲ್ಲಿ ಬೆರೆಸಿ ಕೊಡುವುದು. ಈ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದು ಕರಗದ ಲವಣವಾಗಿಸಿ ಹಿಕ್ಕೆಯಲ್ಲಿ ಹೊರಗೆ ಹಾಕುತ್ತದೆ. ಬೀಟ್ ಸೊಪ್ಪಿನಲ್ಲೇ ಕ್ಯಾಲ್ಸಿಯಂ ಸಾಕಷ್ಟಿದ್ದರೂ ಅದರ ಬಹುಪಾಲು ಆಗಲೇ ಆಕ್ಸಲೇಟಿನ ಹಿಡಿತದಲ್ಲಿರುವುದರಿಂದ ಕುರಿಗೆ ದಕ್ಕುವುದಿಲ್ಲ. ಈಯುವ ದಿನ ಹತ್ತಿರವಾದ ಕುರಿಗಳಲ್ಲಿ ಹೊಟ್ಟೆಯೊಳಗಿನ ಮರಿಯ ಎಲುಬಿಗೂ ಕ್ಯಾಲ್ಸಿಯಂ ಹೋಗುತ್ತಿರುತ್ತದೆ. ಅಂಥವನ್ನು ಈ ಹೊಲದಿಂದ ದೂರವಿಡುವುದೇ ಕ್ಷೇಮ.

ಇತರ ಅಪಾಯಗಳು

ಗಡ್ಡೆ: ಯಂತ್ರದ ಕಣ್ಣು ತಪ್ಪಿದ ಸಣ್ಣ ಗಡ್ಡೆಗಳೂ ದಪ್ಪ ನೆತ್ತಿಯ ಚೂರುಗಳೂ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಕುರಿ ಕತ್ತು ನೀಡಿ ಜೊಲ್ಲು ಸುರಿಸುತ್ತದೆ. ಗಾಳಿ ಹೊರಹೋಗಲಾರದೆ ಹೊಟ್ಟೆಯ ಎಡಗಡೆ ಉಬ್ಬುತ್ತದೆ. ತಡಮಾಡಿದರೆ ಉಸಿರು ಕಟ್ಟುತ್ತದೆ. ಗಡ್ಡೆ ರಾಶಿ ಹಾಕಿದ್ದ ಜಾಗದಲ್ಲಿ ಒಡೆದ ಗಡ್ಡೆಗಳು ಹೇರಳವಾಗಿ ಬಿದ್ದಿರುತ್ತವೆ. ಅವನ್ನು ಹೊಟ್ಟೆ ಬಿರಿಯ ತಿಂದ ಕುರಿಯ ರೂಮೆನ್‌ನಲ್ಲಿ ಸಕ್ಕರೆ ಒಮ್ಮೆಲೇ ಹುಳಿತು ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಹೀಗಾಗಿ ಆ ಜಾಗಕ್ಕೆ ಪ್ರತ್ಯೇಕ ಬೇಲಿ ಬೇಕು.

ಕರುಳುಬೇನೆ: ಸಾಧಾರಣ ಹುಲ್ಲಿನಿಂದ ಸಕ್ಕರೆ, ಪ್ರೋಟೀನು ತುಂಬಿದ ಮೇವಿಗೆ ತಟ್ಟನೆ ಬದಲಾದಾಗ ಕರುಳಿನಲ್ಲಿರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಡಿ ಎಂಬ ಬ್ಯಾಕ್ಟೀರಿಯಾ ವಿಪರೀತ ಬೆಳೆದು ವಿಷ ಕಾರುತ್ತದೆ. ಮಂದೆಯ ಅತಿ ಪುಷ್ಟ ಮರಿಯೇ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಚಿಕಿತ್ಸೆಗೆ ಸಮಯವೇ ಸಿಗದ ಕಾರಣ ಲಸಿಕೆಯೇ ದಾರಿ. ಮೊದಲ ಸಲ ಹಾಕಿಸುವ ಮರಿಗೆ ಕೆಲವು ವಾರಗಳ ಅಂತರದಲ್ಲಿ ಎರಡು ಸಲ ಬೇಕಾಗುವುದರಿಂದ ಕೊಯ್ಲಿಗೆ ಬಹಳ ಮೊದಲೇ ಅದರ ಸಿದ್ಧತೆ ಆಗಬೇಕು.

ನೈಟ್ರೇಟ್: ಸಾರಜನಕ ಗೊಬ್ಬರ ಹೆಚ್ಚಾದ, ಬರ ಅಥವಾ ಮೋಡಕ್ಕೆ ಸಿಕ್ಕ ಬೆಳೆಯ ಎಲೆಯಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ. ರೂಮೆನ್‌ನಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕಿಳಿದರೆ ಆಮ್ಲಜನಕ ಹೊರುವ ಶಕ್ತಿ ಹೋಗಿ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ದನಗಳಿಗಿಂತ ಕುರಿಗಳು ಇದನ್ನು ತಡೆದುಕೊಳ್ಳುತ್ತವೆಯಾದರೂ, ಸೊಪ್ಪು ಬಾಡುವುದರಿಂದ ನೈಟ್ರೇಟ್ ಹೋಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ಮಣ್ಣು ಮತ್ತು ಹಿಮ: ಮಳೆಯಲ್ಲಿ ಕೊಯ್ದ ಹೊಲದ ಸೊಪ್ಪು ಮಣ್ಣಿನಲ್ಲಿ ಕಲಸಿಹೋಗಿರುತ್ತದೆ. ಅದರೊಂದಿಗೆ ಹೊಟ್ಟೆ ಸೇರುವ ಮರಳು ಭೇದಿಗೆ ಕಾರಣ. ಕೆಸರಿನಲ್ಲಿ ನಿಂತ ಗೊರಸು ಕೊಳೆಯುತ್ತದೆ. ಹೆಪ್ಪುಗಟ್ಟಿದ ಸೊಪ್ಪನ್ನು ಕರಗುವವರೆಗೆ ಮುಟ್ಟಿಸಬಾರದು. ಕಟು ಹಿಮಕ್ಕೆ ಸಿಕ್ಕಿ ಕಪ್ಪಾಗಿ ಲೋಳೆಯಾದ ಸೊಪ್ಪಿನಲ್ಲಿ ಸತ್ವವೂ ಉಳಿಯುವುದಿಲ್ಲ. ಹೀಗಾಗಿ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಕಾಲವೇ ಈ ಮೇವಿನದು.

ಔಷಧಿ ಸಿಂಪಡಣೆ: ಬೀಟ್ ಎಲೆಚುಕ್ಕೆ ರೋಗಕ್ಕೆ ಸಿಂಪಡಿಸುವ ಕೆಲವು ಶಿಲೀಂಧ್ರನಾಶಕಗಳ ಚೀಟಿಯಲ್ಲಿ ಸೊಪ್ಪನ್ನು ಪಶುಗಳಿಗೆ ಮೇಯಿಸಕೂಡದು ಎಂದೇ ಬರೆದಿರುತ್ತದೆ. ತಾಮ್ರ ಇರುವ ಔಷಧಿಗಳ ವಿಷಯದಲ್ಲಿ ಕುರಿಗೆ ವಿಶೇಷ ಅಪಾಯ. ಬೇರೆ ಸಾಕುಪ್ರಾಣಿಗಳು ಸಹಿಸುವ ತಾಮ್ರ ಕುರಿಯ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಶೇಖರವಾಗಿ, ಒಂದು ದಿನ ಒಮ್ಮೆಗೇ ರಕ್ತಕ್ಕೆ ಬಿಡುಗಡೆಯಾಗಿ ಕಾಮಾಲೆ ಮತ್ತು ಕೆಂಪು ಮೂತ್ರದೊಂದಿಗೆ ಕೊಲ್ಲುತ್ತದೆ. ಹೊಲದ ಒಡೆಯನ ಸಿಂಪಡಣೆ ಪುಸ್ತಕ ನೋಡದೆ ಮೇವು ಕೊಳ್ಳುವವನು ಮಂದೆಯನ್ನೇ ಪಣಕ್ಕಿಟ್ಟಂತೆ.

ಮೇಯಿಸುವ ಕ್ರಮ

ಬೆಟ್ಟಸೀಮೆಗಳಲ್ಲಿ ಹುಟ್ಟಿದ ಮರಿಗಳನ್ನು ಶರತ್ಕಾಲದ ಸಂತೆಗಳಲ್ಲಿ ಕೊಂಡು ಪೂರ್ವದ ಬಯಲಿಗೆ ತಂದು, ಬೀಟ್ ಸೊಪ್ಪಿನಲ್ಲಿ ಕೊಬ್ಬಿಸಿ ಮಾರುವುದು ಇಂಗ್ಲೆಂಡಿನಲ್ಲಿ ನಡೆದುಬಂದ ವ್ಯವಹಾರ. ಸ್ವಂತ ಹೊಲವಿಲ್ಲದ ಕುರಿಗಾರರು ಬೀಟ್ ರೈತರಿಂದ ಸೊಪ್ಪನ್ನು ಬೆಲೆ ಕೊಟ್ಟು ಕೊಳ್ಳುತ್ತಾರೆ.

ಬಂದ ಮರಿಗಳಿಗೆ ಮೊದಲು ಹುಲ್ಲುಗಾವಲಿನಲ್ಲಿ ವಿಶ್ರಾಂತಿ, ನೀರು, ಲಸಿಕೆ. ಆಮೇಲೆ ಬೆಳಿಗ್ಗೆ ಒಣಹುಲ್ಲು ತಿನ್ನಿಸಿ, ಮಧ್ಯಾಹ್ನ ಇಬ್ಬನಿ ಆರಿದ ಮೇಲೆ ಒಂದು ಗಂಟೆ ಮಾತ್ರ ಸೊಪ್ಪಿಗೆ ಬಿಡುವುದು. ಮರುದಿನ ಇನ್ನಷ್ಟು ಹೊತ್ತು. ಹೀಗೆ ಏರಿಸುತ್ತಾ ಒಂದು ವಾರ, ಹತ್ತು ದಿನದಲ್ಲಿ ಪೂರ್ತಿ ಬಿಡಬಹುದು. ಆ ಮೇಲೂ ಪಕ್ಕದಲ್ಲಿ ಹುಲ್ಲಿನ ಒಣ ನೆಲವೊಂದು ಇರಲೇಬೇಕು. ಕುರಿ ಅಲ್ಲಿಗೆ ಹಿಂದಿರುಗಿ ಮಲಗಿ ಮೆಲುಕು ಹಾಕುತ್ತದೆ, ಗೊರಸು ಒಣಗುತ್ತದೆ, ನಾರಿನ ಮೇವೂ ಸಿಗುತ್ತದೆ. ಹೊಲವನ್ನು ವಿದ್ಯುತ್ ಬೇಲಿಯಿಂದ ಪಟ್ಟಿ ಪಟ್ಟಿಯಾಗಿ ವಿಂಗಡಿಸಿ ದಿನದಿನವೂ ಸ್ವಲ್ಪ ಮುಂದೆ ಸರಿಸುತ್ತಾರೆ. ಇಡೀ ಹೊಲ ತೆರೆದರೆ ಮೊದಲ ದಿನ ಸಿಹಿ ನೆತ್ತಿಯನ್ನೆಲ್ಲ ಆಯ್ದು ತಿಂದು ಉಳಿದದ್ದನ್ನು ತುಳಿದು ಹಾಕುತ್ತವೆ.

ಎಷ್ಟು ಕುರಿಗೆ ಎಷ್ಟು ದಿನ ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಹೆಕ್ಟೇರಿಗೆ 25 ಟನ್ ಹಸಿ ಸೊಪ್ಪು ಬಿದ್ದಿದೆ, ಅದರಲ್ಲಿ ಒಣ ಅಂಶ ನೂರಕ್ಕೆ 14 ಎಂದಿಟ್ಟುಕೊಂಡರೆ 3,500 ಕಿಲೋ ಆಯಿತು. ತುಳಿತಕ್ಕೂ ಮಣ್ಣಿಗೂ ಅರ್ಧ ಬಿಟ್ಟರೆ ಉಳಿಯುವುದು 1,750 ಕಿಲೋ. 35 ಕಿಲೋ ತೂಕದ ಮರಿ ದಿನಕ್ಕೆ ಸೊಪ್ಪಿನಿಂದ ಒಂದು ಕಿಲೋ ಒಣ ಅಂಶ ತಿಂದರೆ 100 ಮರಿಗಳಿಗೆ ಹದಿನೇಳು ದಿನದ ಮೇವು. ಅದರಲ್ಲಿ ಮೊದಲ ವಾರ ಹೊಂದಿಕೆಗೇ ಹೋಗುವುದರಿಂದ ಒಂದೇ ಸಣ್ಣ ಹೊಲಕ್ಕಾಗಿ ಮಂದೆ ತರಿಸುವುದು ಲಾಭವಲ್ಲ. ಒಂದರ ನಂತರ ಒಂದು ಕೊಯ್ಲಾಗುವ ನಾಲ್ಕಾರು ಹೊಲಗಳು ಕೈಯಲ್ಲಿರಬೇಕು.

ಮೊದಲ ವಾರ ದಿನಕ್ಕೆ ಎರಡು ಸಲವಾದರೂ ಮಂದೆಯ ನಡುವೆ ನಡೆದು ನೋಡಬೇಕು. ಎಬ್ಬಿಸಿದಾಗ ಕೊನೆಗೆ ಏಳುವ ಕುರಿ, ಹಿಂದುಳಿದು ಕಾಲೆಳೆಯುವ ಕುರಿ, ಮೆಲುಕು ನಿಲ್ಲಿಸಿದ ಕುರಿ ಇವೇ ಮುನ್ಸೂಚನೆ. ಒಂದು ಕುರಿ ಬಿದ್ದರೂ ಮೊದಲು ಮಾಡಬೇಕಾದ್ದು ಇಡೀ ಮಂದೆಯನ್ನು ಸೊಪ್ಪಿನಿಂದ ಹೊರಗೆ ತಂದು ಒಣಹುಲ್ಲಿಗೆ ಬಿಡುವುದು, ಪಶುವೈದ್ಯರನ್ನು ಕರೆಸುವುದು ಆಮೇಲೆ.

ಇಳಿಮುಖ

ಇಂಗ್ಲೆಂಡಿನಲ್ಲಿ ಇಂದೂ ಸುಮಾರು ಒಂದು ಲಕ್ಷ ಹೆಕ್ಟೇರಿನಲ್ಲಿ ಸಕ್ಕರೆ ಬೀಟ್ ಇದೆ. ಕ್ಯಾಂಟ್ಲಿಯೂ ಸೇರಿ ನಾಲ್ಕು ಕಾರ್ಖಾನೆಗಳು ಗಡ್ಡೆ ಅರೆಯುತ್ತಿವೆ. ಆದರೂ ಸೊಪ್ಪು ಮೇಯಿಸುವುದು ಬಹಳ ಕುಗ್ಗಿದೆ. ಈಗಿನ ಯಂತ್ರಗಳು ಎಲೆಯನ್ನು ಸಾಲಾಗಿ ಇಡುವುದಿಲ್ಲ, ಚಚ್ಚಿ ಪುಡಿಮಾಡಿ ನೆಲದ ಮೇಲೆ ಎರಚುತ್ತವೆ. ನೆತ್ತಿಯಲ್ಲೂ ಸಕ್ಕರೆ ಇರುವುದರಿಂದ ಅದನ್ನು ಕತ್ತರಿಸುವುದೂ ಕಡಿಮೆಯಾಗಿದೆ. ಯಂತ್ರದ ಹಿಂದೆಯೇ ಗೋಧಿ ಬಿತ್ತುವ ಅವಸರ ಬೇರೆ. ಕುರಿ ಸಾಕದ ರೈತನಿಗೆ ಸೊಪ್ಪನ್ನು ಉತ್ತು ಮಣ್ಣಿಗೆ ಸೇರಿಸುವುದೇ ಸುಲಭ. ಅದರ ಸಾರಜನಕವೂ ಪೊಟ್ಯಾಷೂ ಹೊಲದಲ್ಲೇ ಉಳಿಯುತ್ತವೆ. ಒದ್ದೆ ಜೇಡಿಮಣ್ಣಿನಲ್ಲಿ ಕುರಿ ತುಳಿತ ನೆಲವನ್ನು ಗಟ್ಟಿಮಾಡುತ್ತದೆ ಎಂಬ ದೂರಿಗೂ ಆಧಾರವಿದೆ. ಹಗುರ ಮರಳು ನೆಲದ ಮಟ್ಟಿಗೆ ಅದೇ ದೂರನ್ನು ಒಪ್ಪಲಾಗದು.

ಉಳುಮೆಯಾಗದೆ ಉಳಿದ ಹೊಲಗಳಿಗೆ ಇನ್ನೊಬ್ಬ ಗಿರಾಕಿ ಇದ್ದಾನೆ. ಐಸ್‌ಲೆಂಡ್, ಗ್ರೀನ್‌ಲೆಂಡ್ ಕಡೆಯಿಂದ ಚಳಿಗಾಲ ಕಳೆಯಲು ಬರುವ ಗುಲಾಬಿ ಕಾಲಿನ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಉತ್ತರ ನಾರ್ಫೋಕಿನ ಬೀಟ್ ಹೊಲಗಳಿಗೆ ಇಳಿದು ಇದೇ ನೆತ್ತಿಯ ಚೂರುಗಳನ್ನು ತಿನ್ನುತ್ತವೆ. ಕೊಯ್ಲಾದ ಕೂಡಲೇ ಉತ್ತುಬಿಡಬೇಡಿ ಎಂದು ಪಕ್ಷಿಪ್ರೇಮಿಗಳು ರೈತರನ್ನು ಕೇಳಿಕೊಳ್ಳುವುದು ಈ ಕಾರಣಕ್ಕೆ.

ಅಮೆರಿಕದಲ್ಲಿ ಕೊಲರಾಡೊದ ಉತ್ತರ ಭಾಗ ಇದೇ ದಾರಿ ತುಳಿಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಸಾಲುಸಾಲಾಗಿ ಬೀಟ್ ಕಾರ್ಖಾನೆಗಳು ಎದ್ದವು. ಫೋರ್ಟ್ ಕಾಲಿನ್ಸ್ ಸುತ್ತಮುತ್ತ ಕುರಿಮರಿ ಕೊಬ್ಬಿಸುವ ಉದ್ಯಮ ಸೊಪ್ಪು ಮತ್ತು ಕಾರ್ಖಾನೆಯ ಬೀಟ್ ತಿರುಳಿನ ಆಸರೆಯಲ್ಲಿ ಬೆಳೆಯಿತು.

ಕರ್ನಾಟಕದಲ್ಲಿ

ಸಕ್ಕರೆ ಬೀಟ್ ಕರ್ನಾಟಕದಲ್ಲಿ ನೆಲೆಗೊಂಡ ಬೆಳೆಯಲ್ಲ. ಆದರೆ ಅದೇ ಜಾತಿಗೆ ಸೇರಿದ ತರಕಾರಿ ಬೀಟ್‌ರೂಟ್ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಬೆಳೆಯುತ್ತದೆ. ಹೊಲದಲ್ಲೂ ಮಾರುಕಟ್ಟೆಯಲ್ಲೂ ಉಳಿಯುವ ಅದರ ಸೊಪ್ಪು ಕುರಿ, ಮೇಕೆ, ದನಗಳ ಬಾಯಿಗೆ ಬೀಳುತ್ತದೆ. ಅದರ ಎಲೆಯಲ್ಲೂ ಆಕ್ಸಲೇಟ್ ಇದೆ. ಒಂದು ಗಾಡಿ ಸೊಪ್ಪು ಪುಕ್ಕಟೆ ಸಿಕ್ಕಿತೆಂದು ಹಸಿದ ಮಂದೆಯ ಮುಂದೆ ಸುರಿಯುವುದಕ್ಕೂ ನಾರ್ಫೋಕಿನ ಹೊಲಕ್ಕೆ ಹಸಿದ ಮರಿ ಬಿಡುವುದಕ್ಕೂ ವ್ಯತ್ಯಾಸವಿಲ್ಲ. ನೇಪಿಯರ್ ಹುಲ್ಲು ಮತ್ತು ಭತ್ತದ ಹುಲ್ಲಿನಲ್ಲೂ ಆಕ್ಸಲೇಟ್ ಇರುವುದರಿಂದ ಅವನ್ನೇ ನೆಚ್ಚಿದ ಹಟ್ಟಿಗಳಲ್ಲಿ ಖನಿಜ ಮಿಶ್ರಣ ತಪ್ಪಿಸಬಾರದು. ಕರುಳುಬೇನೆಯ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ತಯಾರಿಸುತ್ತದೆ.

ಕೊಯ್ಲಾದ ಹೊಲಕ್ಕೆ ಮಂದೆ ಇಳಿಸುವ ಪದ್ಧತಿಯಂತೂ ಇಲ್ಲಿ ಇಂಗ್ಲೆಂಡಿಗಿಂತ ಜೀವಂತವಾಗಿದೆ. ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಕಡೆಯ ಕುರುಬರು ದಖನಿ ಮತ್ತು ಬಳ್ಳಾರಿ ತಳಿಯ ಕುರಿಗಳೊಡನೆ ಊರೂರು ಸುತ್ತುತ್ತಾ ಜೋಳ, ಶೇಂಗಾ, ಕಡಲೆ ಕಿತ್ತ ಹೊಲಗಳಲ್ಲಿ ಮೇಯಿಸುತ್ತಾರೆ. ರಾತ್ರಿ ಅದೇ ಹೊಲದಲ್ಲಿ ಕುರಿ ನಿಲ್ಲಿಸಿದ್ದಕ್ಕೆ ರೈತ ಕಾಳು ಇಲ್ಲವೆ ಹಣ ಕೊಡುತ್ತಾನೆ. ಮಳೆ ಕೈಕೊಟ್ಟು ಮುರುಟಿದ ಕೂಳೆ ಜೋಳದ ಎಳೆ ಚಿಗುರಿಗೆ ಅವರು ಮಂದೆ ಬಿಡುವುದಿಲ್ಲ. ಅದರಲ್ಲಿರುವುದು ಆಕ್ಸಲೇಟ್ ಅಲ್ಲ, ಸಯನೈಡ್. ಚೆನ್ನಾಗಿ ಒಣಗಿದ ಜೋಳದಲ್ಲಿ ಸಯನೈಡ್ ಬಹುಮಟ್ಟಿಗೆ ಇಳಿಯುತ್ತದೆ, ನೈಟ್ರೇಟ್ ಇಳಿಯುವುದಿಲ್ಲ. ಯಾವ ಬೆಳೆ, ಯಾವ ಹದ ಎಂಬುದನ್ನು ಕುರಿಗಾಹಿ ಕಣ್ಣಿನಿಂದಲೇ ಅಳೆಯಬಲ್ಲ. ಹತ್ತಿ, ಮೆಣಸಿನಕಾಯಿ, ದ್ರಾಕ್ಷಿ ತೋಟಗಳಿಗೆ ಹೊಡೆದ ಔಷಧಿ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೊಲದವರೇ ಮಂದೆ ಇಳಿಯುವ ಮೊದಲು ಬಾಯಿಬಿಟ್ಟು ಹೇಳಬೇಕು.